ಬರೆಯಂಚಿನ ಬೆಡಗು ಯಾವ ಮಕ್ಕಳಿಗಾಗಿ?

ಕೊಡಗಿನ ಪ್ರವಾಸೋದ್ಯಮ ಇತ್ತೀಚಿನ ವರ್ಷಗಳಲ್ಲಿ ಎರಡು ಪದಗಳನ್ನು ಮಂತ್ರದಂತೆ ಜಪಿಸುತ್ತಿದೆ. ಒಂದು ‘ವಿನ್ಯಾಸ’, ಇನ್ನೊಂದು ‘ಕುಟುಂಬ’. ಒರಟು ಕಾಂಕ್ರೀಟಿನ ಲಾಡ್ಜುಗಳು ಹಳತಾದವು. ಈಗ ಏಳುತ್ತಿರುವುದು ವಾಸ್ತುಶಿಲ್ಪಿಗಳು ಆಸ್ಥೆಯಿಂದ ರೂಪಿಸಿದ, ಕಾಫಿ ತೋಟದ ನಡುವೆ ಗಾಜಿನ ಗೋಡೆಯಾಚೆ ಕಣಿವೆಯನ್ನು ತೋರಿಸುವ ಸುಂದರ ವಸತಿಗೃಹಗಳು. ಅವುಗಳ ಜಾಹೀರಾತಿನಲ್ಲಿ ಮಕ್ಕಳಿಗೆ ವಿಶೇಷ ಆಮಂತ್ರಣವಿರುತ್ತದೆ: ಮಕ್ಕಳಿಗೆಂದೇ ಈಜುಕೊಳ, ಆಟದ ಮನೆ, ತೋಟದೊಳಗೆ ಸುತ್ತಾಟ, ಹಕ್ಕಿಗಳ ಪರಿಚಯ, ಸಂಜೆಗೆ ಬೆಂಕಿಯ ಸುತ್ತ ಕೊಡವ ಕುಣಿತ. ನಗರದ ಮಗು ಎರಡು ದಿನ ಮಣ್ಣು ಮುಟ್ಟಲಿ, ಜೀರುಂಡೆಯ ದನಿ ಕೇಳಲಿ ಎಂಬ ಆಶಯಕ್ಕೆ ಯಾರೂ ಅಡ್ಡಿ ಹೇಳಲಾರರು. ಬೆಂಗಳೂರಿನ ಹತ್ತನೆಯ ಅಂತಸ್ತಿನಲ್ಲಿ ಬೆಳೆಯುವ ಮಗುವಿಗೂ ಕಾವೇರಿಯ ತವರನ್ನು ಕಾಣುವ ಹಕ್ಕಿದೆ. ಅದು ಕುಡಿಯುವುದೂ ಕಾವೇರಿಯ ನೀರನ್ನೇ.

ಆಕ್ಷೇಪವಿರುವುದು ಮಗುವಿನ ಬಗ್ಗೆಯಲ್ಲ, ಚೆಲುವಿನ ಬಗ್ಗೆಯೂ ಅಲ್ಲ. ಯಾವುದನ್ನು ಚೆಲುವೆಂದು ಕರೆಯಲಾಗುತ್ತಿದೆ, ಅದರ ಬೆಲೆಯನ್ನು ಯಾರ ಮಕ್ಕಳು ತೆರುತ್ತಿದ್ದಾರೆ ಎಂಬುದೇ ಪ್ರಶ್ನೆ. ಬೆಟ್ಟದ ನಾಡಿನಲ್ಲಿ ಕಟ್ಟಡವೊಂದರ ವಿನ್ಯಾಸವನ್ನು ಅಳೆಯಬೇಕಾದದ್ದು ಅದರ ಕಿಟಕಿಯಿಂದ ಕಾಣುವ ನೋಟದಿಂದಲ್ಲ. ಅದರ ಅಡಿಯ ಮಣ್ಣು ಏನಾಯಿತು, ಅದರ ಕೆಳಗಿನ ತೋಡಿನ ನೀರು ಏನಾಯಿತು ಎಂಬುದರಿಂದ ಅಳೆಯಬೇಕು. ಈ ಅಳತೆಗೋಲನ್ನು ಹಿಡಿದರೆ, ವಿನ್ಯಾಸದ ಹೆಸರಿನಲ್ಲಿ ಇಂದು ಮಾರಾಟವಾಗುತ್ತಿರುವ ಹಲವು ಕಟ್ಟಡಗಳು ಆ ಹೆಸರಿಗೇ ಅರ್ಹವಾಗಲಾರವು.

ಬರೆ ಕಡಿದು ತಂದ ಸೌಂದರ್ಯ

ಕೊಡಗಿನ ಗುಡ್ಡವೆಂದರೆ ಮೇಲಿಂದ ಕೆಳಗಿನವರೆಗೆ ಗಟ್ಟಿ ಕಲ್ಲಲ್ಲ. ಬಂಡೆಯ ಮೇಲ್ಪದರ ಯುಗಯುಗಗಳ ಮಳೆಗೆ ಶಿಥಿಲಗೊಂಡು ಆಳವಾದ ಮೆದು ಮಣ್ಣಾಗಿದೆ. ಆ ಮಣ್ಣನ್ನು ಇಳಿಜಾರಿನ ಮೇಲೆ ಹಿಡಿದು ನಿಲ್ಲಿಸಿರುವುದು ಮೂರು ಆಸರೆಗಳು: ಮಣ್ಣಿನ ಕಣಗಳ ಪರಸ್ಪರ ಹಿಡಿತ, ಮರಗಳ ಬೇರು ಮತ್ತು ಗುಡ್ಡದ ಬುಡ. ಮಳೆಗಾಲದಲ್ಲಿ ಮಣ್ಣಿನ ರಂಧ್ರಗಳೆಲ್ಲ ನೀರಿನಿಂದ ತುಂಬಿ ಒಳಗಿನ ಒತ್ತಡ ಏರಿದಾಗ ಮೊದಲನೆಯ ಹಿಡಿತ ಸಡಿಲವಾಗುತ್ತದೆ. ಆಗ ಗುಡ್ಡ ನಿಲ್ಲಬೇಕಾದದ್ದು ಉಳಿದೆರಡು ಆಸರೆಗಳ ಬಲದಿಂದ. ಜೆಸಿಬಿ ಬಂದು ಬರೆ ಕಡಿದಾಗ ಬೇರೂ ಬುಡವೂ ಒಮ್ಮೆಲೇ ಇಲ್ಲವಾಗುತ್ತವೆ.

ಆದರೆ ಕಣಿವೆಯ ನೋಟ ಸಿಗುವುದು ಕಡಿದಾದ ಇಳಿಜಾರಿನಲ್ಲೇ. ಹೀಗಾಗಿ ಯಾವ ಜಾಗ ಕಟ್ಟಡಕ್ಕೆ ಅತ್ಯಂತ ಅಪಾಯಕರವೋ ಅದೇ ಜಾಗ ಮಾರುಕಟ್ಟೆಯಲ್ಲಿ ಅತ್ಯಂತ ಬೆಲೆಬಾಳುವುದಾಗಿದೆ. ಇಳಿಜಾರನ್ನು ಕಡಿದು, ಕಡಿದ ಮಣ್ಣನ್ನು ಹೊರಅಂಚಿಗೆ ಸುರಿದು, ಹೀಗೆ ಅಗಲಗೊಳಿಸಿದ ಸಮತಟ್ಟಿನ ತುದಿಯಲ್ಲಿ ಕಣಿವೆಯೊಳಕ್ಕೆ ಹರಿದಂತೆ ಕಾಣುವ ಈಜುಕೊಳವನ್ನು ಕಟ್ಟುವುದು ಇಂದಿನ ಅಭಿರುಚಿ. 20 ಮೀಟರ್ ಉದ್ದ, 10 ಮೀಟರ್ ಅಗಲ, ಸರಾಸರಿ ಒಂದೂಕಾಲು ಮೀಟರ್ ಆಳದ ಕೊಳದಲ್ಲಿ ಹಿಡಿಯುವ ನೀರು ಎರಡೂವರೆ ಲಕ್ಷ ಲೀಟರ್. ಅದರ ತೂಕ 250 ಟನ್. ಹೊಸದಾಗಿ ಸುರಿದ ಸಡಿಲ ಮಣ್ಣಿನ ಅಂಚಿನಲ್ಲಿ ಇಷ್ಟು ಭಾರವನ್ನು ಹೇರಿ, ಅದರಲ್ಲಿ ಮಕ್ಕಳನ್ನು ಆಟಕ್ಕೆ ಬಿಡುವುದನ್ನು ವಿನ್ಯಾಸವೆನ್ನಬೇಕೆ, ದುಸ್ಸಾಹಸವೆನ್ನಬೇಕೆ?

ಉತ್ತರಕ್ಕಾಗಿ ಪುಸ್ತಕಗಳನ್ನು ಹುಡುಕಬೇಕಾಗಿಲ್ಲ. 2018ರ ಆಗಸ್ಟ್ ತಿಂಗಳಲ್ಲಿ ಮಕ್ಕಂದೂರು, ಹಟ್ಟಿಹೊಳೆ, ಕಾಲೂರು, ಮುಕ್ಕೋಡ್ಲು, ಹೆಬ್ಬೆಟ್ಟಗೇರಿ, ಜೋಡುಪಾಲಗಳಲ್ಲಿ ಗುಡ್ಡಗಳು ಕೆಸರಾಗಿ ಹರಿದವು. ಮನೆ, ತೋಟ, ಗದ್ದೆಗಳು ಒಂದೇ ದಿನದಲ್ಲಿ ಗುರುತು ಸಿಗದಂತಾದವು. ಸಾವಿರಾರು ಜನ ಪರಿಹಾರ ಶಿಬಿರಗಳನ್ನು ಸೇರಿದರು. ಮರುವರ್ಷ ಅದೇ ಆಗಸ್ಟ್‌ನಲ್ಲಿ ವಿರಾಜಪೇಟೆ ಸಮೀಪದ ತೋರ ಗ್ರಾಮ, 2020ರ ಆಗಸ್ಟ್‌ನಲ್ಲಿ ಕಾವೇರಿಯ ಉಗಮಸ್ಥಾನವಾದ ತಲಕಾವೇರಿಯ ಬೆಟ್ಟ. 2018ರ ಕುಸಿತಗಳನ್ನು ಪರಿಶೀಲಿಸಿದ ಭಾರತೀಯ ಭೂವೈಜ್ಞಾನಿಕ ಸರ್ವೇಕ್ಷಣಾ ಸಂಸ್ಥೆ, ಅತಿವೃಷ್ಟಿಯ ಜೊತೆಗೆ ರಸ್ತೆ ಮತ್ತು ಕಟ್ಟಡಗಳಿಗಾಗಿ ಇಳಿಜಾರುಗಳನ್ನು ಕಡಿದು ಮಾರ್ಪಡಿಸಿದ್ದನ್ನೂ ಕಾರಣವೆಂದು ಗುರುತಿಸಿತು.

ಎಲ್ಲ ಕುಸಿತಗಳಿಗೂ ರೆಸಾರ್ಟೇ ಕಾರಣವೆಂದು ಸಾರಿದರೆ ಸತ್ಯಕ್ಕೆ ಅಪಚಾರವಾದೀತು. ಕಟ್ಟಡವೇ ಇಲ್ಲದ ತೋಟಗಳೂ ಜಾರಿವೆ. ಬೆಟ್ಟದ ಜನರ ಕೈಗಳೂ ಪೂರ್ತಿ ಶುದ್ಧವಾಗಿಲ್ಲ. ದಾಖಲೆಗಳ ಪ್ರಕಾರ 1905ರಲ್ಲಿ 15,506 ಎಕರೆಯಷ್ಟಿದ್ದ ಕೊಡಗಿನ ದೇವರಕಾಡುಗಳು 1985ರ ವೇಳೆಗೆ 6,299 ಎಕರೆಗೆ ಇಳಿದಿದ್ದವು. ಅಷ್ಟರಲ್ಲಿ ಬಹುಪಾಲನ್ನು ನುಂಗಿದ್ದು ಹೊರಗಿನ ಹೋಟೆಲುಗಳಲ್ಲ, ಊರಿನವರದೇ ಕಾಫಿ. ಆದರೆ ಒಂದು ತಪ್ಪು ಮೊದಲೇ ನಡೆದಿದೆ ಎಂಬುದು ಅದರ ಮೇಲೆ ಇನ್ನೊಂದನ್ನು ಹೇರಲು ಪರವಾನಗಿಯಾಗದು. ಈಗಾಗಲೇ ಸಡಿಲಗೊಂಡ ಗುಡ್ಡಕ್ಕೆ ಇನ್ನಷ್ಟು ಎಚ್ಚರಿಕೆ ಬೇಕೇ ಹೊರತು ಇನ್ನಷ್ಟು ಜೆಸಿಬಿಗಳಲ್ಲ.

ಒಂದು ಎಕರೆಯ ಲೆಕ್ಕ

ಕೆಳಗಿನ ಬಯಲಿಗೆ ಇಳಿದರೆ ಇನ್ನೊಂದು ಲೆಕ್ಕ ಕಾದಿರುತ್ತದೆ. ಒಂದು ಎಕರೆ ಗದ್ದೆಗೆ ಬದು ಕಟ್ಟಿ ಹತ್ತು ಸೆಂಟಿಮೀಟರ್ ನೀರು ನಿಲ್ಲಿಸಿದರೆ ಅದರಲ್ಲಿ ತಂಗುವ ನೀರು ಸುಮಾರು ನಾಲ್ಕು ಲಕ್ಷ ಲೀಟರ್. ಅದು ನಿಧಾನವಾಗಿ ಕೆಳಗಿನ ಗದ್ದೆಗೆ ಇಳಿಯುತ್ತದೆ, ಮಣ್ಣಿನೊಳಕ್ಕೆ ಇಂಗುತ್ತದೆ, ಮಳೆ ನಿಂತ ಮೇಲೂ ತೋಡನ್ನು ಹರಿಸುತ್ತದೆ. ಅದೇ ಒಂದು ಎಕರೆಗೆ ಮಣ್ಣು ತುಂಬಿ, ಚಾವಣಿ, ಕಾರು ನಿಲ್ಲುವ ಅಂಗಳ ಮತ್ತು ಕಲ್ಲುಹಾಸಿನಿಂದ ಮುಚ್ಚಿದ ಮೇಲೆ ಒಂದು ದಿನ 100 ಮಿಲಿಮೀಟರ್ ಮಳೆ ಸುರಿಯಿತೆನ್ನೋಣ. ಮಡಿಕೇರಿ, ಭಾಗಮಂಡಲಗಳ ಮಳೆಗಾಲದಲ್ಲಿ ಇದು ಅಪರೂಪವಲ್ಲ. ಆಗ ಅಷ್ಟೇ ನಾಲ್ಕು ಲಕ್ಷ ಲೀಟರ್ ನೀರು ನಿಲ್ಲಲು ಜಾಗವಿಲ್ಲದೆ ಕೆಳಗಿನವರ ಮನೆಯಂಗಳಕ್ಕೆ ನುಗ್ಗುತ್ತದೆ. ಮೊದಲು ನೀರನ್ನು ಹಿಡಿಯುತ್ತಿದ್ದ ಎಕರೆ ಈಗ ನೀರನ್ನು ಎಸೆಯುತ್ತದೆ. ನಷ್ಟ ಒಂದಲ್ಲ, ಎರಡು.

ಬೇಸಗೆಯ ಲೆಕ್ಕ ಇದಕ್ಕಿಂತ ಕಠೋರ. ಮಕ್ಕಳಿರುವ ಕುಟುಂಬಗಳು ಹೊರಡುವುದು ಶಾಲೆಗೆ ರಜೆ ಬಂದಾಗ, ಅಂದರೆ ಮುಖ್ಯವಾಗಿ ಏಪ್ರಿಲ್ ಮತ್ತು ಮೇ ತಿಂಗಳಲ್ಲಿ. ಕೊಡಗಿನ ತೋಡುಗಳು ಬಡಕಲಾಗುವುದೂ ಆಗಲೇ. ಅದಕ್ಕೆ ಸ್ವಲ್ಪ ಮೊದಲು ರೋಬಸ್ಟಾ ಗಿಡ ಹೂಮಳೆಗಾಗಿ ಕಾಯುತ್ತದೆ. ಮಳೆ ಬಾರದಿದ್ದರೆ ಬೆಳೆಗಾರ ಕೆರೆ, ತೋಡುಗಳ ನೀರನ್ನು ತುಂತುರು ನೀರಾವರಿಗೆ ಎತ್ತುತ್ತಾನೆ. ಉಳಿದ ಅಲ್ಪ ನೀರಿನ ಮೇಲೆ ಹೋಟೆಲಿನ ಸ್ನಾನಗೃಹ, ಬಟ್ಟೆ ತೊಳೆಯುವ ಯಂತ್ರ, ಹುಲ್ಲುಹಾಸು ಮತ್ತು ಈಜುಕೊಳಗಳ ಹಕ್ಕುಸಾಧನೆ ಶುರುವಾಗುತ್ತದೆ. ಮೇಲೆ ಹೇಳಿದ ಅಳತೆಯ ಕೊಳದಿಂದ ಬಿಸಿಲಿಗೆ ಆವಿಯಾಗಿ ಹೋಗುವ ನೀರೇ ದಿನಕ್ಕೆ ಸುಮಾರು ಸಾವಿರ ಲೀಟರ್. ಹಳ್ಳಿಯ ಹೆಣ್ಣುಮಗಳು ಕೊಡದಲ್ಲಿ ಹೊತ್ತರೆ ಅದಕ್ಕೆ ಅರವತ್ತು ಎಪ್ಪತ್ತು ಬಾರಿ ನಡೆಯಬೇಕು. ಕೊಳವೆಬಾವಿ ತಮ್ಮದೇ ಜಮೀನಿನಲ್ಲಿದೆ ಎಂಬ ಸಮರ್ಥನೆಯೂ ನಿಲ್ಲದು. ಬಾವಿಯ ಬಾಯಿ ಒಬ್ಬರ ಜಮೀನಿನಲ್ಲಿರಬಹುದು, ಆದರೆ ಅದರೊಳಗಿನ ನೀರಿಗೆ ಬೇಲಿಯಿಲ್ಲ.

ಗದ್ದೆಗಳು ಪಾಳು ಬಿದ್ದಿರುವುದು ಹೋಟೆಲುಗಳಿಂದಲೇ ಅಲ್ಲ ಎಂಬುದೂ ನಿಜ. ಆನೆಯ ಹಾವಳಿ, ಆಳುಗಳ ಅಭಾವ, ಭತ್ತಕ್ಕೆ ಸಿಗುವ ಬೆಲೆ, ಇವೆಲ್ಲವೂ ರೈತನನ್ನು ಗದ್ದೆಯಿಂದ ಹಿಮ್ಮೆಟ್ಟಿಸಿವೆ. ಆದರೆ ಪಾಳು ಬಿದ್ದ ಗದ್ದೆ ಮತ್ತೆ ಗದ್ದೆಯಾಗಬಲ್ಲದು, ಮಣ್ಣು ತುಂಬಿದ ಗದ್ದೆ ಆಗಲಾರದು. ರಾಜ್ಯದ ಭೂಸುಧಾರಣಾ ಕಾಯ್ದೆಯ 79ಎ ಮತ್ತು 79ಬಿ ಕಲಂಗಳನ್ನು 2020ರಲ್ಲಿ ತೆಗೆದುಹಾಕಿದ ಮೇಲೆ ಕೃಷಿಕರಲ್ಲದವರೂ ಕೃಷಿಭೂಮಿಯನ್ನು ಕೊಳ್ಳಲು ದಾರಿ ತೆರೆಯಿತು. ಸೋತ ರೈತನ ಬಾಗಿಲಿಗೆ ನೆರವು ಬರುವ ಮೊದಲೇ ದಲ್ಲಾಳಿ ಬರುತ್ತಾನೆ.

ಐನ್‌ಮನೆಯ ನಕಲು, ಹಾಡಿಯ ನಕಲು

ಹೊಸ ಹೋಟೆಲುಗಳು ತಮ್ಮ ವಿನ್ಯಾಸ ಸ್ಥಳೀಯ ಪರಂಪರೆಯಿಂದ ಬಂದದ್ದೆಂದು ಹೆಮ್ಮೆಪಡುತ್ತವೆ. ಕಯ್ಯಾಲೆಯ ಕಂಬಗಳು, ಕೂರಲು ಐಮರ, ಕೆತ್ತನೆಯ ಬಾಗಿಲು, ಹಂಚಿನ ಮಾಡು ಎಲ್ಲವೂ ಅಲ್ಲಿರುತ್ತವೆ. ಆದರೆ ಐನ್‌ಮನೆಯ ಜಾಣತನ ಕಂಬದ ಕೆತ್ತನೆಯಲ್ಲಿರಲಿಲ್ಲ, ಅದು ಕುಳಿತ ಜಾಗದಲ್ಲಿತ್ತು. ಹಿಂದೆ ಮರಗಳಿಂದ ತುಂಬಿದ ಬಾಣೆ, ಮುಂದೆ ತನ್ನದೇ ಗದ್ದೆಯ ಬಯಲು, ನಡುವೆ ಮನೆ. ಬಾಣೆಯನ್ನು ಗದ್ದೆಗೆ ಅಂಟಿಕೊಂಡ ಭೂಮಿಯೆಂದೇ ಹಿರಿಯರು ಕಂಡರು. ಗದ್ದೆಗೆ ಬೇಕಾದ ಸೊಪ್ಪು, ಮನೆಗೆ ಸೌದೆ, ದನಗಳಿಗೆ ಮೇವು ಅಲ್ಲಿಂದಲೇ ಬರಬೇಕಿತ್ತು. ಬಾಣೆ ಮಳೆಯನ್ನು ಇಂಗಿಸಿತು, ಗದ್ದೆ ಅದನ್ನು ಹಿಡಿಯಿತು, ನಡುವಿನ ಮನೆ ಎರಡಕ್ಕೂ ಜವಾಬು ಹೇಳಿತು. ಬಾಣೆಯ ಮರ ಕಡಿದು, ಗದ್ದೆಗೆ ಮಣ್ಣು ತುಂಬಿ, ನಡುವೆ ಐಮರವೊಂದನ್ನು ಇರಿಸಿ ಪರಂಪರೆ ಎಂದರೆ ಅದು ಪ್ರಾಣ ಹೋದ ದೇಹಕ್ಕೆ ಮಾಡಿದ ಶೃಂಗಾರ. ಗದ್ದೆಯಿಲ್ಲದ ಊರಿನಲ್ಲಿ ಪುತ್ತರಿಯ ಕದಿರನ್ನು ಎಲ್ಲಿಂದ ತರುವುದು?

ಆದಿವಾಸಿಗಳ ವಿಷಯದಲ್ಲಿ ಈ ವಿಡಂಬನೆ ಇನ್ನೂ ಕ್ರೂರವಾಗುತ್ತದೆ. ಕಬಿನಿಯ ದಡದ ಐಷಾರಾಮಿ ರೆಸಾರ್ಟೊಂದು ತನ್ನ ಕುಟೀರಗಳನ್ನು ಕಾಡುಕುರುಬರ ಹಾಡಿಯ ಗುಡಿಸಲುಗಳ ಮಾದರಿಯಲ್ಲಿ ಕಟ್ಟಿಸಿ ಪ್ರಸಿದ್ಧವಾಗಿದೆ. ಅದೇ ಗುಡಿಸಲುಗಳು ಆದಿವಾಸಿಗಳ ಕೈಯಲ್ಲಿದ್ದಾಗ ಏನಾದವು? 2016ರ ಡಿಸೆಂಬರ್‌ನಲ್ಲಿ ದಿಡ್ಡಳ್ಳಿಯಲ್ಲಿ ಐದುನೂರಕ್ಕೂ ಹೆಚ್ಚು ಕುಟುಂಬಗಳ ಗುಡಿಸಲುಗಳನ್ನು ಅರಣ್ಯಭೂಮಿಯ ಒತ್ತುವರಿ ಎಂಬ ಕಾರಣ ಮುಂದೊಡ್ಡಿ ಯಂತ್ರಗಳಿಂದ ನೆಲಸಮ ಮಾಡಲಾಯಿತು. ಚಳಿಯಲ್ಲಿ ಮಕ್ಕಳು ಬಯಲಿನಲ್ಲೇ ಮಲಗಿದರು. ಹುಲ್ಲಿನ ಮಾಡು ಅತಿಥಿಯ ತಲೆಯ ಮೇಲಿದ್ದರೆ ವಿನ್ಯಾಸ, ಆದಿವಾಸಿಯ ತಲೆಯ ಮೇಲಿದ್ದರೆ ಒತ್ತುವರಿ!

ಈ ನಾಡಿಗೆ ಪ್ರತಿರೋಧದ ನೆನಪೂ ಇದೆ. ನಾಗರಹೊಳೆ ಅರಣ್ಯದೊಳಗಿನ ಮೂರ್ಕಲ್‌ನಲ್ಲಿ ಪ್ರವಾಸಿ ವಸತಿಗೃಹ ನಡೆಸಲು ರಾಜ್ಯ ಸರ್ಕಾರ 1994ರಲ್ಲಿ ತಾಜ್ ಹೋಟೆಲ್ ಸಮೂಹಕ್ಕೆ ಗುತ್ತಿಗೆ ನೀಡಿತ್ತು. ಸೌದೆ ತಂದರೆ ದಂಡ ತೆರಬೇಕಾಗಿದ್ದ ಜನರು ಅದೇ ಕಾಡಿನಲ್ಲಿ ಹೋಟೆಲು ಏಳುವುದನ್ನು ಕಂಡು 1996ರಲ್ಲಿ ಬೀದಿಗಿಳಿದರು, ನ್ಯಾಯಾಲಯದ ಮೆಟ್ಟಿಲನ್ನೂ ಹತ್ತಿದರು. ನಾಗರಹೊಳೆ ಬುಡಕಟ್ಟು ಜನರ ಹಕ್ಕು ಸ್ಥಾಪನಾ ಸಮಿತಿ ಹೂಡಿದ್ದ ಮೊಕದ್ದಮೆಯಲ್ಲಿ ಕರ್ನಾಟಕ ಉಚ್ಚ ನ್ಯಾಯಾಲಯ 1997ರಲ್ಲಿ ಆ ಗುತ್ತಿಗೆ ಅರಣ್ಯ ಸಂರಕ್ಷಣಾ ಕಾನೂನಿಗೆ ವಿರುದ್ಧವೆಂದು ತೀರ್ಪಿತ್ತಿತು. ಅಕ್ಷರ ಬಾರದ ಅನೇಕರು ಸೇರಿ ನಡೆಸಿದ ಹೋರಾಟ ಒಂದು ಬಲಾಢ್ಯ ಉದ್ಯಮವನ್ನು ಕಾಡಿನಿಂದ ಹಿಂದಕ್ಕೆ ಕಳಿಸಿತು ಎಂಬುದನ್ನು ಇಂದಿನ ವಿದ್ಯಾರ್ಥಿಗಳು ತಿಳಿದಿರಬೇಕು.

ಯಾರ ಮಕ್ಕಳು?

‘ಕುಟುಂಬಸ್ನೇಹಿ’ ಎಂಬ ಪದವನ್ನು ಈಗ ಪರೀಕ್ಷಿಸಬಹುದು. ಯಾವ ಕುಟುಂಬ? ಹಾಸಿಗೆ ಒಪ್ಪ ಮಾಡುವ, ಪಾತ್ರೆ ತೊಳೆಯುವ, ಕಳೆ ಕೀಳುವ ಹೆಂಗಸರಿಗೂ ಮಕ್ಕಳಿದ್ದಾರೆ. ಪಣಿಯೆರವರ ಮಕ್ಕಳಿದ್ದಾರೆ, ಅಸ್ಸಾಮಿನಿಂದ ಬಂದ ಕೂಲಿಯವರ ಮಕ್ಕಳಿದ್ದಾರೆ. ಲೈನ್‌ಮನೆಯ ಒಂದೇ ಕೋಣೆಯಲ್ಲಿ ಅವರು ಬೆಳೆಯುತ್ತಿದ್ದಾರೆ. ಅತಿಥಿಯ ಮಗುವಿಗೆ ಆಟದ ಮನೆ ಕಟ್ಟಿದ ವಾಸ್ತುಶಿಲ್ಪಿ ಕೆಲಸಗಾರಳ ಮಗು ಹಗಲಿನಲ್ಲಿ ಎಲ್ಲಿರುತ್ತದೆ ಎಂಬುದನ್ನು ತನ್ನ ನಕ್ಷೆಯಲ್ಲಿ ಗುರುತಿಸಿದ್ದಾನೆಯೆ?

ಕೆಳಗಿನ ಊರಿನ ಮಕ್ಕಳ ಮಾತನ್ನೂ ಮರೆಯುವಂತಿಲ್ಲ. ನೆರೆಯ ವಯನಾಡಿನಲ್ಲಿ 2024ರ ಜುಲೈ 30ರ ನಸುಕಿನಲ್ಲಿ ಮುಂಡಕೈ, ಚೂರಲ್‌ಮಲೆಗಳ ಮೇಲೆ ಗುಡ್ಡ ಹರಿದು ಬಂದಾಗ ಇನ್ನೂರಕ್ಕೂ ಹೆಚ್ಚು ಜನರು ಸತ್ತರು. ಹೊಳೆಯ ದಂಡೆಯ ವೆಳ್ಳಾರ್‌ಮಲೆ ಶಾಲೆ ಹಾಳುಬಿತ್ತು, ಅಲ್ಲಿ ಓದುತ್ತಿದ್ದ ಮಕ್ಕಳೂ ಸತ್ತವರಲ್ಲಿದ್ದರು. ಕುಸಿತ ಶುರುವಾದದ್ದು ಮೇಲೆ, ಪೆಟ್ಟು ಬಿದ್ದದ್ದು ಕೆಳಗೆ. ಬೆಟ್ಟದ ನಾಡಿನ ಮೊದಲ ಪಾಠವಿದು: ಮೇಲಿನವನ ನಿರ್ಧಾರದ ಫಲವನ್ನು ಉಣ್ಣುವವನು ಕೆಳಗಿನವನು. 2018ರಲ್ಲಿ ಮನೆ ಕಳೆದುಕೊಂಡ ಕೊಡಗಿನ ಕುಟುಂಬಗಳು ಕರ್ಣಂಗೇರಿ, ಮದೆನಾಡು, ಜಂಬೂರುಗಳ ಪುನರ್ವಸತಿ ಬಡಾವಣೆಗಳಲ್ಲಿ ಸಾಲುಮನೆಗಳನ್ನು ಪಡೆದಿವೆ. ಆ ಮನೆಗಳಲ್ಲಿ ಬೆಳೆಯುತ್ತಿರುವ ಮಕ್ಕಳಿಗೆ ಮಳೆಯ ಸದ್ದು ಸಂಗೀತವಲ್ಲ.

ಮೂರು ಸಮಜಾಯಿಷಿಗಳು

ಉದ್ಯಮದವರ ಮೊದಲ ಉತ್ತರ ಉದ್ಯೋಗ. ಉದ್ಯೋಗ ಬೇಕು, ಅದರಲ್ಲಿ ಎರಡು ಮಾತಿಲ್ಲ. ಆದರೆ ಊರಿನ ಯುವಕರಿಗೆ ದೊರೆಯುವುದು ಕಾವಲು, ಚಾಲಕ, ತೋಟಮಾಲಿಗಳ ಕೆಲಸವೋ ಅಥವಾ ವ್ಯವಸ್ಥಾಪಕರ ಕುರ್ಚಿಯೋ ಎಂಬುದನ್ನು ಪ್ರತಿ ಪಂಚಾಯಿತಿಯೂ ಎಣಿಸಿ ನೋಡಲಿ. ಎಣಿಸದೆ ಹೇಳುವ ಉದ್ಯೋಗದ ಮಾತು ಚುನಾವಣೆಯ ಭರವಸೆಗಿಂತ ಮೇಲಲ್ಲ.

ಎರಡನೆಯದು ಕಾಫಿಯ ನಷ್ಟ. ಬೆಲೆ ನೆಲಕಚ್ಚಿದ ವರ್ಷಗಳಲ್ಲಿ ಬೆಳೆಗಾರ ಬೇರೆ ಆದಾಯ ಹುಡುಕಿದ್ದು ಸಹಜ. ಇರುವ ಹಳೆಯ ಮನೆಯ ಎರಡು ಕೋಣೆಗಳನ್ನು ಅತಿಥಿಗಳಿಗೆ ಬಿಟ್ಟುಕೊಟ್ಟ ಹೋಂಸ್ಟೇ ಗುಡ್ಡಕ್ಕೆ ಹೊಸ ಗಾಯ ಮಾಡುವುದಿಲ್ಲ. ಅದರ ಮೇಲೆ ಯಾರಿಗೂ ಸಿಟ್ಟಿಲ್ಲ. ಆದರೆ ರೋಬಸ್ಟಾ ಬೆಲೆ 2024ರಲ್ಲಿ ದಾಖಲೆಯ ಮಟ್ಟಕ್ಕೇರಿದಾಗಲೂ ಗುಡ್ಡ ಅಗೆಯುವ ಯಂತ್ರಗಳು ಮೌನವಾಗಲಿಲ್ಲ. ಬಡತನದ ಹೆಸರಿನಲ್ಲಿ ಆರಂಭವಾದದ್ದು ಬಂಡವಾಳದ ಹಸಿವಿನಿಂದ ಮುಂದುವರಿಯುತ್ತಿದೆ.

ಮೂರನೆಯದು ಹಸಿರು ಪ್ರಮಾಣಪತ್ರ. ಸೌರಫಲಕ, ಮಳೆನೀರು ಸಂಗ್ರಹ, ಪ್ಲಾಸ್ಟಿಕ್ ನಿಷೇಧ ಎಲ್ಲವೂ ಸ್ವಾಗತಾರ್ಹವೇ. ಆದರೆ ಅಂಥ ಪತ್ರ ಒಂದು ಕಟ್ಟಡದ ಗುಣವನ್ನು ಹೇಳುತ್ತದೆಯೇ ಹೊರತು ಒಂದು ತೋಡಿನ ತಾಳಿಕೆಯನ್ನಲ್ಲ. ಹತ್ತು ಹಸಿರು ಕಟ್ಟಡಗಳು ಸೇರಿ ಒಂದು ತೋಡನ್ನು ಬತ್ತಿಸಬಲ್ಲವು.

ಮಾಡಬೇಕಾದದ್ದು

ಒಳ್ಳೆಯ ವಿನ್ಯಾಸ ಸಾಧ್ಯವೇ ಇಲ್ಲವೆಂದಲ್ಲ. ಶ್ರೀಲಂಕಾದ ದಂಬುಲ್ಲ ಬಳಿ ಕಂಡಲಮ ಕೆರೆಯ ಮೇಲ್ಭಾಗದಲ್ಲಿ ಹೋಟೆಲು ಏಳುವಾಗ, 1990ರ ದಶಕದ ಆರಂಭದಲ್ಲಿ, ಕೆರೆಯನ್ನು ನಂಬಿದ ಜನರು ಪ್ರತಿಭಟಿಸಿದರು. ವಾಸ್ತುಶಿಲ್ಪಿ ಜೆಫ್ರಿ ಬಾವಾ ಆ ಕಟ್ಟಡವನ್ನು ಕಂಬಗಳ ಮೇಲೆ ನಿಲ್ಲಿಸಿ, ಬೆಟ್ಟದ ನೀರು ಅದರಡಿ ಹರಿದುಹೋಗುವಂತೆ ಬಿಟ್ಟರು. ಜಗತ್ತು ಇಂದು ಬಾವಾ ಅವರನ್ನು ಕೊಂಡಾಡುತ್ತದೆ. ಕೊಡಗು ಕಲಿಯಬೇಕಾದದ್ದು ವಾಸ್ತುಶಿಲ್ಪಿಯಿಂದ ಮಾತ್ರವಲ್ಲ, ಕಟ್ಟುವ ಮೊದಲೇ ನೀರಿನ ಪ್ರಶ್ನೆ ಎತ್ತಿದ ಆ ಜನರಿಂದಲೂ.

ಪ್ರಶ್ನೆ ಎತ್ತಲು ಕಾನೂನಿನ ಆಸರೆಯಿದೆ. ಕೃಷಿಭೂಮಿಯನ್ನು ಪರಿವರ್ತಿಸಲು 1964ರ ಭೂಕಂದಾಯ ಕಾಯ್ದೆಯ 95ನೆಯ ಕಲಂ ಪ್ರಕಾರ ಜಿಲ್ಲಾಧಿಕಾರಿಯ ಅನುಮತಿ ಬೇಕು. ಗ್ರಾಮದಲ್ಲಿ ಕಟ್ಟಡ ಕಟ್ಟಲು ಪಂಚಾಯಿತಿಯ ಪರವಾನಗಿ ಬೇಕು. ಆ ಕಡತಗಳನ್ನು ನೋಡುವ ಹಕ್ಕನ್ನು 2005ರ ಮಾಹಿತಿ ಹಕ್ಕು ಕಾಯ್ದೆ ಪ್ರತಿಯೊಬ್ಬ ನಾಗರಿಕನಿಗೂ ಕೊಟ್ಟಿದೆ. ಗ್ರಾಮಸಭೆಗಳು ಈ ಬೇಡಿಕೆಗಳನ್ನು ಠರಾವಿನ ರೂಪದಲ್ಲಿ ದಾಖಲಿಸಲಿ: ಕಡಿದಾದ ಇಳಿಜಾರಿನಲ್ಲಿ ಬರೆ ಕಡಿದು ವಾಣಿಜ್ಯ ಕಟ್ಟಡ ಕೂಡದು. ಗದ್ದೆಗೆ ಮಣ್ಣು ತುಂಬುವುದು ಕೂಡದು. ಪರವಾನಗಿಗೆ ಮೊದಲು ಏಪ್ರಿಲ್ ತಿಂಗಳ ತೋಡಿನ ನೀರನ್ನು ಅಳೆದು, ಕೆಳಗಿನ ಊರಿನವರ ಪಾಲನ್ನು ತೆಗೆದಿರಿಸಿ, ಮಿಕ್ಕಿದ್ದರೆ ಮಾತ್ರ ಹೋಟೆಲಿಗೆ ಕೊಡಬೇಕು. ಕೊಳಚೆ ನೀರು ಎಲ್ಲಿಗೆ ಹೋಗುತ್ತದೆ ಎಂಬ ನಕ್ಷೆ ಪಂಚಾಯಿತಿಯ ಗೋಡೆಯ ಮೇಲಿರಬೇಕು. ಕೋಣೆಯ ಬಾಡಿಗೆಯಲ್ಲಿ ಒಂದು ಪಾಲು, ಗದ್ದೆಯನ್ನು ಗದ್ದೆಯಾಗಿಯೇ ಉಳಿಸಿಕೊಂಡ ರೈತನಿಗೆ ಸಲ್ಲಬೇಕು. ನೀರು ಹಿಡಿದುಕೊಡುವುದೂ ಒಂದು ದುಡಿಮೆ, ಅದಕ್ಕೂ ಕೂಲಿ ಇರಬೇಕು.

ಶಾಲೆ, ಕಾಲೇಜುಗಳ ವಿದ್ಯಾರ್ಥಿಗಳಿಗೆ ಇಲ್ಲಿ ದೊಡ್ಡ ಕೆಲಸವಿದೆ. ತಮ್ಮ ಊರಿನ ತೋಡಿನಲ್ಲಿ ಜನವರಿಯಿಂದ ಮೇ ವರೆಗೆ ವಾರಕ್ಕೊಮ್ಮೆ ನೀರಿನ ಮಟ್ಟವನ್ನು ಗುರುತು ಹಾಕಿದ ಕೋಲಿನಿಂದ ಅಳೆದು ಪುಸ್ತಕದಲ್ಲಿ ಬರೆಯಲಿ. ಊರಿನ ಯಾವ ಗದ್ದೆ ಯಾವ ವರ್ಷ ಪಾಳಾಯಿತು, ಯಾವುದಕ್ಕೆ ಮಣ್ಣು ಬಿತ್ತು ಎಂಬುದನ್ನು ಹಿರಿಯರನ್ನು ಕೇಳಿ ನಕ್ಷೆಯಲ್ಲಿ ತೋರಿಸಲಿ. ಮಳೆಗಾಲಕ್ಕೆ ಮೊದಲು ಹೊಸದಾಗಿ ಕಡಿದ ಬರೆಗಳನ್ನು, ಅವುಗಳಲ್ಲಿ ಬಿಟ್ಟ ಬಿರುಕುಗಳನ್ನು ಗುರುತಿಸಿ ಪಂಚಾಯಿತಿಗೆ ಲಿಖಿತವಾಗಿ ತಿಳಿಸಲಿ. ಮೂರು ವರ್ಷಗಳ ಇಂಥ ದಾಖಲೆಯೊಂದು ಗ್ರಾಮಸಭೆಯ ಮೇಜಿನ ಮೇಲಿದ್ದರೆ ಯಾವ ಬಣ್ಣದ ಕೈಪಿಡಿಯೂ ಅದರೆದುರು ನಿಲ್ಲದು.

ಅತಿಥಿಗಳಾಗಿ ಬರುವ ತಂದೆತಾಯಿಗಳಿಗೂ ಒಂದು ಮಾತು ಸಲ್ಲುತ್ತದೆ. ಕೋಣೆ ಕಾದಿರಿಸುವ ಮುನ್ನ ಅವರು ಮೂರು ಪ್ರಶ್ನೆಗಳನ್ನು ಕೇಳಬಹುದು: ಈ ಕಟ್ಟಡಕ್ಕಾಗಿ ಎಷ್ಟು ಬರೆ ಕಡಿಯಲಾಯಿತು? ಈಜುಕೊಳದ ನೀರು ಯಾವ ತೋಡಿನದು? ಇಲ್ಲಿ ದುಡಿಯುವವರ ಮಕ್ಕಳು ಯಾವ ಶಾಲೆಯಲ್ಲಿದ್ದಾರೆ? ಉತ್ತರ ಕೊಡಲಾಗದ ಹೋಟೆಲು ಎಷ್ಟೇ ಚೆಲುವಾಗಿದ್ದರೂ ಮಕ್ಕಳನ್ನು ಕರೆದೊಯ್ಯಲು ತಕ್ಕ ಜಾಗವಲ್ಲ.